ಇಲಿಯಾಸ್ಟಮಿ ನಂತರದ ಆಹಾರ
ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ಹೊರತಂದು, ಮಲ ಚೀಲಕ್ಕೆ ಬೀಳುವಂತೆ ಮಾಡುವ ಶಸ್ತ್ರಚಿಕಿತ್ಸೆ ಇಲಿಯಾಸ್ಟಮಿ. ನೀರು, ಉಪ್ಪು ಹೀರುವ ದೊಡ್ಡ ಕರುಳಿಗೆ ಆಹಾರ ತಲುಪದ ಕಾರಣ ಮೊದಮೊದಲು ನಿರ್ಜಲೀಕರಣ, ತೂಕ ಇಳಿಕೆ ಸಾಮಾನ್ಯ. 6–8 ವಾರ ನಾರು ಕಡಿಮೆಯಿರುವ ಮೆದು ಆಹಾರ ವಾಡಿಕೆ: ಗಂಜಿ, ಮೆತ್ತನೆಯ ಅನ್ನ, ಮೊಸರು, ಬಾಳೆಹಣ್ಣು, ಮೊಟ್ಟೆ. ತೂಕ ಮರಳಲು ಐದಾರು ಸಣ್ಣ ಊಟ, ಜೊತೆಗೆ ತುಪ್ಪ, ಪನೀರ್ ಒಳ್ಳೆಯವು. ತೆಂಗಿನತುರಿ, ಮೆಕ್ಕೆಜೋಳ, ಅಣಬೆ, ಕಡಲೆಬೀಜ ಚೆನ್ನಾಗಿ ಅಗಿಯದಿದ್ದರೆ ಕರುಳಿನಲ್ಲಿ ಸಿಕ್ಕಿಕೊಳ್ಳಬಹುದು. ಚೀಲಕ್ಕೆ ಬೀಳುವ ವಿಸರ್ಜನೆ ಹೆಚ್ಚಿದಾಗ ಬರೀ ನೀರು ಕುಡಿದಷ್ಟೂ ಸೋಡಿಯಂ ನಷ್ಟ. ಬದಲಿಗೆ ಓಆರ್‌ಎಸ್ ದ್ರಾವಣ ಕುಡಿಯಬೇಕು; ಅದರ ಗ್ಲೂಕೋಸ್ ಉಪ್ಪನ್ನು ಹೀರಿಕೊಳ್ಳಲು ನೆರವಾಗುತ್ತದೆ. ಸಣ್ಣ ಕರುಳಿನ ಅಂತಿಮ ಭಾಗವಾದ ಇಲಿಯಂನ ತುದಿಯನ್ನೂ ತೆಗೆದಿದ್ದರೆ ಬಿ12 ಚುಚ್ಚುಮದ್ದು ಬೇಕಾಗಬಹುದು. ವಿಸರ್ಜನೆ ದಿನಕ್ಕೆ 1.5 ಲೀಟರ್ ಮೀರಿದರೆ ವೈದ್ಯರನ್ನು ಕಾಣಬೇಕು.