ಬಾಗಿಲಲ್ಲಿ ನಿಂತ ವಿದ್ಯಾರ್ಥಿ: ಕ್ಯಾಂಪಸ್ಸಿನ ಉತ್ಸವ, ಸುರಕ್ಷತೆ ಮತ್ತು ದುಡಿಮೆ

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನಲ್ಲಿ ಪ್ರತಿ ವರ್ಷ ಏಪ್ರಿಲ್ ತಿಂಗಳಲ್ಲಿ ‘ಪಿಕ್ನಿಕ್ ಡೇ’ ನಡೆಯುತ್ತದೆ. 1909ರಲ್ಲಿ ಆ ಜಾಗ ಇನ್ನೂ ಬರ್ಕ್ಲಿಯ ಅಧೀನದ ಕೃಷಿ ಫಾರ್ಮ್ ಆಗಿತ್ತು. ಹೊಸದಾಗಿ ಕಟ್ಟಿದ ಹೈನು ಕೊಟ್ಟಿಗೆ ತೋರಿಸಲೆಂದು ಸುತ್ತಲಿನ ಜನರನ್ನು ಕರೆದಿದ್ದರು. ಅವರು ಬುತ್ತಿ ಕಟ್ಟಿಕೊಂಡು ಬಂದಿದ್ದರು. ಈಗ ಅದಕ್ಕೆ ಹತ್ತಾರು ಸಾವಿರ ಜನ ಸೇರುತ್ತಾರೆ. ಮೆರವಣಿಗೆ, ಡ್ಯಾಶಂಡ್ ನಾಯಿಗಳ ಓಟ, ರಸಾಯನಶಾಸ್ತ್ರದ ಜಾದೂ ಪ್ರದರ್ಶನ, ಇವನ್ನೆಲ್ಲ ಹೊಂದಿಸುವುದು ವಿದ್ಯಾರ್ಥಿಗಳದೇ ಮಂಡಳಿ. ಜನರನ್ನು ಕರೆತರುವ ಯುನಿಟ್ರಾನ್ಸ್ ಬಸ್ಸುಗಳನ್ನು ಓಡಿಸುವವರೂ ವಿದ್ಯಾರ್ಥಿಗಳು. 1968ರಲ್ಲಿ ವಿದ್ಯಾರ್ಥಿ ಸಂಘವು ಲಂಡನ್ನಿನ ಎರಡು ಹಳೆಯ ಡಬಲ್ ಡೆಕ್ಕರ್ ಬಸ್ಸು ಕೊಂಡು ಶುರುಮಾಡಿದ ಈ ಸೇವೆ ಇವತ್ತು ಡೇವಿಸ್ ಊರಿನ ಸಾರ್ವಜನಿಕ ಸಾರಿಗೆ. ಬೆಳಿಗ್ಗೆ ತರಗತಿಯಲ್ಲಿ ಕೂತ ಹುಡುಗಿ ಮಧ್ಯಾಹ್ನ ಭಾರಿ ವಾಹನದ ಪರವಾನಗಿ ಜೇಬಿನಲ್ಲಿಟ್ಟುಕೊಂಡು ಸ್ಟೀರಿಂಗ್ ಹಿಡಿಯುತ್ತಾಳೆ. ಕ್ರೀಡಾಂಗಣದ ಬಾಗಿಲಲ್ಲಿ ಚೀಲ ತಪಾಸಣೆ ಮಾಡುವ, ರಾತ್ರಿ ಹೊತ್ತು ಒಂಟಿಯಾಗಿ ಹೊರಟವರನ್ನು ಮನೆ ಮುಟ್ಟಿಸುವ ‘ಆ್ಯಗಿ ಹೋಸ್ಟ್’ಗಳು ಕ್ಯಾಂಪಸ್ ಪೊಲೀಸ್ ಇಲಾಖೆಯ ಸಂಬಳ ಪಡೆಯುವ ವಿದ್ಯಾರ್ಥಿಗಳು. ಅಗ್ನಿಶಾಮಕ ಠಾಣೆಯಲ್ಲೇ ವಾಸವಿದ್ದು, ಓದಿನ ನಡುವೆ ಗಂಟೆ ಬಾರಿಸಿದರೆ ಎದ್ದು ಓಡುವ ವಿದ್ಯಾರ್ಥಿಗಳೂ ಅಲ್ಲಿದ್ದಾರೆ.

ವಿಶ್ವವಿದ್ಯಾಲಯದ ಕಡತಗಳಲ್ಲಿ ಕಾರ್ಯಕ್ರಮ, ಭದ್ರತೆ, ವಿದ್ಯಾರ್ಥಿ ಉದ್ಯೋಗ ಇವು ಮೂರು ಬೇರೆ ಬೇರೆ ವಿಭಾಗಗಳು. ಮೂರಕ್ಕೂ ಬೇರೆ ಮೇಲಧಿಕಾರಿ, ಬೇರೆ ಬಜೆಟ್ಟು. ಆದರೆ ಉತ್ಸವದ ದಿನ ಸಂಜೆ ಬಾಗಿಲಲ್ಲಿ ನಿಂತು ನೋಡಿದರೆ ಮೂರೂ ಒಬ್ಬನೇ ವ್ಯಕ್ತಿಯ ಹೆಗಲ ಮೇಲೆ ಬಿದ್ದಿರುತ್ತವೆ. ಆ ವ್ಯಕ್ತಿ ಇಪ್ಪತ್ತರ ಆಸುಪಾಸಿನ ವಿದ್ಯಾರ್ಥಿ. ಅವನನ್ನು ಕಾನೂನು ಯಾರೆಂದು ಎಣಿಸುತ್ತದೆ, ಬಾಗಿಲು ಮುಚ್ಚುವ ಅಧಿಕಾರ ಅವನಿಗಿದೆಯೇ, ಆ ಕೆಲಸಕ್ಕೆ ಅವನಿಗೆ ಕೂಲಿ ಸಿಗುತ್ತದೆಯೇ ಎಂಬ ಪ್ರಶ್ನೆಗಳಿಗೆ ಸಿಗುವ ಉತ್ತರದ ಮೇಲೆ ಕ್ಯಾಂಪಸ್ಸಿನ ಸುರಕ್ಷತೆ ನಿಂತಿದೆ ಎಂಬುದು ಈ ಲೇಖನದ ವಾದ. ಅಮೆರಿಕ ಈ ಪ್ರಶ್ನೆಗಳಿಗೆ ಒಂದಕ್ಕೊಂದು ಹೊಂದದ ಉತ್ತರ ಕೊಟ್ಟಿದೆ. ನಾವು ಪ್ರಶ್ನೆಯನ್ನೇ ಕೇಳಿಕೊಂಡಿಲ್ಲ.

ಮೂರು ಬಾಗಿಲು

1986ರ ಏಪ್ರಿಲ್ 5ರಂದು ಪೆನ್ಸಿಲ್ವೇನಿಯಾದ ಲೀಹೈ ವಿಶ್ವವಿದ್ಯಾಲಯದ ಹಾಸ್ಟೆಲ್ ಕೋಣೆಯಲ್ಲಿ ಜೀನ್ ಕ್ಲೆರಿ ಎಂಬ ಹತ್ತೊಂಬತ್ತರ ವಿದ್ಯಾರ್ಥಿನಿಯ ಅತ್ಯಾಚಾರ ಮತ್ತು ಕೊಲೆ ನಡೆಯಿತು. ಕೊಂದವನು ಅದೇ ವಿಶ್ವವಿದ್ಯಾಲಯದ ವಿದ್ಯಾರ್ಥಿ. ತಾನಾಗಿಯೇ ಬೀಗ ಬೀಳುವ ಮೂರು ಬಾಗಿಲುಗಳನ್ನು ದಾಟಿ ಅವನು ಒಳಬಂದಿದ್ದ. ಬಂದುಹೋಗುವ ಗೆಳೆಯರಿಗೆ ಅನುಕೂಲವಾಗಲೆಂದು ಅಲ್ಲಿದ್ದವರೇ ಪಿಜ್ಜಾ ಡಬ್ಬಿ ಅಡ್ಡ ಇಟ್ಟು ಆ ಬಾಗಿಲುಗಳನ್ನು ತೆರೆದಿಟ್ಟಿದ್ದರು ಎಂಬುದು ಪ್ರಚಲಿತ ವರದಿ. ಬೀಗ ಕೆಟ್ಟಿರಲಿಲ್ಲ, ಗೋಡೆ ಬಿದ್ದಿರಲಿಲ್ಲ. ಬಾಗಿಲು ತೆರೆದೇ ಇದೆ ಎಂದು ಗಮನಿಸುವುದು ಯಾರ ಕೆಲಸ ಎಂಬುದಷ್ಟೇ ತೀರ್ಮಾನವಾಗಿರಲಿಲ್ಲ.

ತಂದೆತಾಯಿಯ ಹೋರಾಟದ ಫಲವಾಗಿ 1988ರಲ್ಲಿ ಪೆನ್ಸಿಲ್ವೇನಿಯಾದಲ್ಲೂ 1990ರಲ್ಲಿ ಇಡೀ ದೇಶದಲ್ಲೂ ಕಾನೂನು ಬಂತು. 1998ರಲ್ಲಿ ಅದಕ್ಕೆ ಜೀನ್ ಕ್ಲೆರಿಯ ಹೆಸರಿಟ್ಟರು. ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವಿನಲ್ಲಿ ಪಾಲು ಪಡೆಯುವ ಪ್ರತಿ ಸಂಸ್ಥೆಯೂ ವರ್ಷಕ್ಕೊಮ್ಮೆ, ಅಕ್ಟೋಬರ್ 1ರೊಳಗೆ, ತನ್ನ ಆವರಣದ ಅಪರಾಧಗಳ ಮೂರು ವರ್ಷದ ಅಂಕಿಅಂಶ ಪ್ರಕಟಿಸಬೇಕು. ಅಪಾಯವಿದ್ದಾಗ ಸಕಾಲದಲ್ಲಿ ಎಚ್ಚರಿಸಬೇಕು. ಇಷ್ಟು ಎಲ್ಲರಿಗೂ ಗೊತ್ತಿರುವ ಭಾಗ. ನನಗೆ ಮುಖ್ಯವಾಗಿ ಕಾಣುವುದು ಅಷ್ಟಾಗಿ ಯಾರೂ ಓದದ ಒಂದು ವ್ಯಾಖ್ಯೆ: ‘ಕ್ಯಾಂಪಸ್ ಭದ್ರತಾ ಅಧಿಕಾರಿ’ ಯಾರು? ಪೊಲೀಸರು ಮಾತ್ರವಲ್ಲ. ಶಿಕ್ಷಣ ಇಲಾಖೆಯ 2016ರ ಕೈಪಿಡಿ ಕೊಟ್ಟ ಉದಾಹರಣೆಗಳಲ್ಲಿ ಹಾಸ್ಟೆಲ್‌ನ ಸಹವಾಸಿಗಳನ್ನು ನೋಡಿಕೊಳ್ಳುವ ರೆಸಿಡೆಂಟ್ ಅಸಿಸ್ಟೆಂಟ್ ಆಗಿರುವ ವಿದ್ಯಾರ್ಥಿ, ಕಟ್ಟಡದ ಬಾಗಿಲಲ್ಲಿ ಒಳಬರುವವರನ್ನು ನೋಡಿಕೊಳ್ಳುವವರು, ಕಾರ್ಯಕ್ರಮದ ಭದ್ರತೆಗೆ ನಿಂತವರು, ಕತ್ತಲಾದ ಮೇಲೆ ಜೊತೆಗೆ ನಡೆದು ಬಿಟ್ಟುಬರುವವರು ಎಲ್ಲರೂ ಇದ್ದರು. ಅಪರಾಧದ ಸುದ್ದಿ ಇವರ ಕಿವಿಗೆ ಬಿತ್ತೆಂದರೆ ಕಾನೂನಿನ ದೃಷ್ಟಿಯಲ್ಲಿ ಅದು ವಿಶ್ವವಿದ್ಯಾಲಯಕ್ಕೇ ಮುಟ್ಟಿದ ಹಾಗೆ. ಆಪ್ತ ಸಲಹೆಗಾರರಿಗೆ, ಧರ್ಮಗುರುಗಳಿಗೆ ಈ ಹೊಣೆಯಿಂದ ವಿನಾಯಿತಿಯಿದೆ. ಹಾಸ್ಟೆಲ್‌ನ ರೆಸಿಡೆಂಟ್ ಅಸಿಸ್ಟೆಂಟ್‌ಗಿಲ್ಲ, ನಡುರಾತ್ರಿ ಗೆಳತಿ ಅಳುತ್ತಾ ಹೇಳಿಕೊಂಡ ಮಾತನ್ನೂ ಅವನು ಮೇಲಕ್ಕೆ ವರದಿ ಮಾಡಲೇಬೇಕು. 2020ರಲ್ಲಿ ಇಲಾಖೆ ಈ ಕೈಪಿಡಿಯನ್ನು ಹಿಂತೆಗೆದುಕೊಂಡು, ಯಾರನ್ನು ಈ ಪಟ್ಟಿಗೆ ಸೇರಿಸಬೇಕೆಂಬುದನ್ನು ಬಹುಮಟ್ಟಿಗೆ ಸಂಸ್ಥೆಗಳಿಗೇ ಬಿಟ್ಟಿತು. ಮೂಲ ನಿಯಮ ಬದಲಾಗಲಿಲ್ಲ.

ಈ ಕೆಲಸದ ತೂಕ ಎಷ್ಟೆಂದು 2007ರ ಏಪ್ರಿಲ್ 16 ತೋರಿಸಿತು. ವರ್ಜೀನಿಯಾ ಟೆಕ್‌ನಲ್ಲಿ ಆ ದಿನ 32 ಮಂದಿ ಗುಂಡಿಗೆ ಬಲಿಯಾದರು. ಜಲಸಂಪನ್ಮೂಲ ಎಂಜಿನಿಯರಿಂಗ್ ಕಲಿಸುತ್ತಿದ್ದ ತಮಿಳುನಾಡು ಮೂಲದ ಪ್ರಾಧ್ಯಾಪಕ ಜಿ. ವಿ. ಲೋಗನಾಥನ್ ಅವರಲ್ಲೊಬ್ಬರು. ಬೆಳಿಗ್ಗೆ ಏಳೂಕಾಲರ ಹೊತ್ತಿಗೆ ಹಾಸ್ಟೆಲ್‌ನಲ್ಲಿ ಮೊದಲು ಸತ್ತ ಇಬ್ಬರಲ್ಲಿ ಒಬ್ಬ ರೆಸಿಡೆಂಟ್ ಅಸಿಸ್ಟೆಂಟ್. ವಿಶ್ವವಿದ್ಯಾಲಯದ ಮೊದಲ ಎಚ್ಚರಿಕೆಯ ಇ-ಮೇಲ್ ಹೊರಟದ್ದು 9.26ಕ್ಕೆ. ಅದಾಗಿ ಸುಮಾರು ಕಾಲುಗಂಟೆಯಲ್ಲಿ ಪಾಠ ನಡೆಯುತ್ತಿದ್ದ ಇನ್ನೊಂದು ಕಟ್ಟಡದಲ್ಲಿ ಉಳಿದವರ ಹತ್ಯೆಯಾಯಿತು. 2008ರ ತಿದ್ದುಪಡಿ ತಕ್ಷಣದ ತುರ್ತು ಸೂಚನೆಯನ್ನು ಕಡ್ಡಾಯ ಮಾಡಿತು. ವರ್ಜೀನಿಯಾ ಟೆಕ್ ಮೇಲೆ 2011ರಲ್ಲಿ 55,000 ಡಾಲರ್ ದಂಡ ಹೇರಲಾಯಿತು. 2024ರಲ್ಲಿ ಲಿಬರ್ಟಿ ವಿಶ್ವವಿದ್ಯಾಲಯಕ್ಕೆ ಇದೇ ಕಾನೂನಿನಡಿ ಬಿದ್ದ ದಂಡ 1 ಕೋಟಿ 40 ಲಕ್ಷ ಡಾಲರ್. ಅದೇ ವರ್ಷದ ಡಿಸೆಂಬರ್‌ನಲ್ಲಿ ಬಂದ ತಿದ್ದುಪಡಿ ರ್‍ಯಾಗಿಂಗ್‌ಗೆ ಸಮನಾದ ‘ಹೇಜಿಂಗ್’ ಪ್ರಕರಣಗಳನ್ನೂ ಲೆಕ್ಕಕ್ಕೆ ತಂದಿತು. ದಂಡದ ಮೊತ್ತ ಏರಿದಷ್ಟೂ ಸಂಸ್ಥೆಗಳು ತರಬೇತಿಯ ವೀಡಿಯೊಗಳನ್ನು ಹೆಚ್ಚಿಸಿದವು. ಬಾಗಿಲಲ್ಲಿ ನಿಲ್ಲುವವನ ಸ್ಥಾನಮಾನ ಅದೇ ವೇಗದಲ್ಲಿ ಏರಲಿಲ್ಲ.

ಇಪ್ಪತ್ತು ಗಂಟೆ

ಬಡ ವಿದ್ಯಾರ್ಥಿಗೆ ಕ್ಯಾಂಪಸ್ಸಿನಲ್ಲೇ ಕೆಲಸ ಕೊಟ್ಟು ಓದಿಸುವ ಕ್ರಮ ಅಮೆರಿಕಕ್ಕೆ ಹಳೆಯದು. ಕೆಂಟಕಿಯ ಬೆರಿಯಾ ಕಾಲೇಜು ಶುಲ್ಕ ಕೇಳುವುದಿಲ್ಲ, ಆದರೆ ಪ್ರತಿಯೊಬ್ಬರೂ ದುಡಿಯಲೇಬೇಕು. ಆರ್ಥಿಕ ಮಹಾಕುಸಿತದ ಕಾಲದಲ್ಲಿ ರೂಸ್‌ವೆಲ್ಟ್ ಸರ್ಕಾರ ಇದಕ್ಕೆ ಹಣ ಕೊಟ್ಟಿತು. 1964ರಲ್ಲಿ ಲಿಂಡನ್ ಜಾನ್ಸನ್‌ರ ಬಡತನ ವಿರೋಧಿ ಕಾನೂನಿನ ಭಾಗವಾಗಿ ‘ವರ್ಕ್-ಸ್ಟಡಿ’ ಸ್ಥಿರ ಯೋಜನೆಯಾಯಿತು. ಸಾಮಾನ್ಯವಾಗಿ ಕೂಲಿಯ ನಾಲ್ಕರಲ್ಲಿ ಮೂರು ಪಾಲಿನವರೆಗೆ ಕೇಂದ್ರದ ಹಣ, ಉಳಿದದ್ದು ಸಂಸ್ಥೆಯದು.

ಇಲ್ಲಿಂದಲೇ ತೊಡಕು ಶುರು. ಯೋಜನೆಯ ಕಣ್ಣಿಗೆ ಈ ಹಣ ‘ನೆರವು’, ಆದ್ದರಿಂದ ಪಡೆಯುವವನು ಫಲಾನುಭವಿ. ಸಾಮಾಜಿಕ ಭದ್ರತಾ ತೆರಿಗೆಯ ಕಣ್ಣಿಗೆ ತಾನು ಓದುವ ಸಂಸ್ಥೆಯಲ್ಲೇ ದುಡಿಯುವವನು ಮೊದಲು ವಿದ್ಯಾರ್ಥಿ, ಹಾಗಾಗಿ ಆ ತೆರಿಗೆ ಇಲ್ಲ, ಅದರಿಂದ ಮುಂದೆ ಬರುವ ಪಿಂಚಣಿಯ ಹಕ್ಕೂ ಕೂಡುವುದಿಲ್ಲ. ವಾರಕ್ಕೆ ನಲವತ್ತು ಗಂಟೆಗೂ ಮೀರಿ ದುಡಿಯುವ ಕಿರಿಯ ವೈದ್ಯರು ಈ ವಿನಾಯಿತಿಗೆ ಸೇರುವುದಿಲ್ಲ ಎಂದು ಹೇಳಲು 2011ರಲ್ಲಿ ಸುಪ್ರೀಂ ಕೋರ್ಟೇ ಬೇಕಾಯಿತು. ಹೀಗೆ ದುಡಿಯುವ ವಿದ್ಯಾರ್ಥಿ ಬಾಗಿಲು ಕಾಯಲು ನಿಂತರೆ ಕ್ಲೆರಿ ಕಾನೂನಿನ ಕಣ್ಣಿಗೆ ಭದ್ರತಾ ಅಧಿಕಾರಿ. ಹೊಣೆ ಹೊರಿಸುವಾಗ ಅಧಿಕಾರಿ, ಕೂಲಿ ಕೊಡುವಾಗ ಹುಡುಗ.

ಕರ್ನಾಟಕದಿಂದ ಹೋದ ವಿದ್ಯಾರ್ಥಿಗೆ ಈ ಹಗ್ಗ ಇನ್ನೊಂದು ಸುತ್ತು ಬಿಗಿಯುತ್ತದೆ. ಎಫ್-1 ವೀಸಾದವರಿಗೆ ವರ್ಕ್-ಸ್ಟಡಿ ಸಿಗುವುದಿಲ್ಲ. ಸಂಸ್ಥೆ ತನ್ನ ಸ್ವಂತ ಹಣದಿಂದ ಕೊಡುವ ಕೆಲಸ ಮಾಡಬಹುದು, ಅದೂ ತರಗತಿಗಳು ನಡೆಯುವಾಗ ವಾರಕ್ಕೆ ಗರಿಷ್ಠ 20 ಗಂಟೆ. ಡೈನಿಂಗ್ ಹಾಲಿನಲ್ಲಿ ತಟ್ಟೆ ತೊಳೆಯುವ ಯಂತ್ರದ ಮುಂದೆ, ಲೈಬ್ರರಿ ಕೌಂಟರಿನಲ್ಲಿ, ವ್ಯಾಯಾಮಶಾಲೆಯ ಬಾಗಿಲಲ್ಲಿ ಕಾರ್ಡ್ ಉಜ್ಜಿಸಿಕೊಳ್ಳುತ್ತಾ ಕೂತ ಬೆಂಗಳೂರು, ಹುಬ್ಬಳ್ಳಿಯ ಎಂ.ಎಸ್. ವಿದ್ಯಾರ್ಥಿಗಳು ಅಲ್ಲಿ ಅಪರೂಪವಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 2015ರಲ್ಲಿ ತನ್ನ ನೌಕರರ ಕನಿಷ್ಠ ಕೂಲಿಯನ್ನು ಹಂತ ಹಂತವಾಗಿ ಏರಿಸಿ 2017ಕ್ಕೆ ಗಂಟೆಗೆ 15 ಡಾಲರ್ ಮಾಡುವುದಾಗಿ ಘೋಷಿಸಿತು. ಷರತ್ತು ಒಂದೇ: ವಾರಕ್ಕೆ ಕನಿಷ್ಠ 20 ಗಂಟೆಯ ಕೆಲಸಕ್ಕೆ ನೇಮಕವಾಗಿರಬೇಕು. ವಲಸೆ ಕಾನೂನು 20 ದಾಟಬೇಡ ಎನ್ನುತ್ತದೆ, ಕೂಲಿಯ ನಿಯಮ 20 ಮುಟ್ಟು ಎನ್ನುತ್ತಿತ್ತು. ಅರೆಕಾಲಿಕ ವಿದ್ಯಾರ್ಥಿ ನೌಕರರಲ್ಲಿ ಬಹಳ ಮಂದಿ, ಸ್ವದೇಶಿಗಳೂ ಸೇರಿ, ಗೆರೆಯ ಈಚೆಗೇ ಉಳಿದರು. ರಾಜ್ಯದ ಕನಿಷ್ಠ ಕೂಲಿಯೇ ಈಗ ಆ ಮೊತ್ತವನ್ನು ದಾಟಿರುವುದರಿಂದ ವ್ಯತ್ಯಾಸ ಅಳಿದುಹೋಗಿದೆ. ಗೆರೆ ಎಳೆದ ರೀತಿ ಮಾತ್ರ ನೆನಪಿಡುವಂಥದು.

ಈ ಇಬ್ಬಗೆಯ ಲೆಕ್ಕಕ್ಕೆ ಉತ್ತರ ಬಂದದ್ದು ಆಡಳಿತ ಕಚೇರಿಯಿಂದಲ್ಲ, ಹಾಸ್ಟೆಲ್‌ಗಳಿಂದ ಮತ್ತು ಅಡುಗೆಮನೆಗಳಿಂದ. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಮರ್ಸ್ಟ್ ಕ್ಯಾಂಪಸ್ಸಿನ ರೆಸಿಡೆಂಟ್ ಅಸಿಸ್ಟೆಂಟ್‌ಗಳು 2002ರಲ್ಲಿ ಸಂಘ ಕಟ್ಟಿದರು. ಅಯೋವಾದ ಗ್ರಿನೆಲ್ ಕಾಲೇಜಿನ ಡೈನಿಂಗ್ ಹಾಲಿನ ವಿದ್ಯಾರ್ಥಿ ಕೆಲಸಗಾರರು 2016ರಲ್ಲಿ ಅದೇ ದಾರಿ ಹಿಡಿದರು. ಖಾಸಗಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಹಾಯಕರು ನೌಕರರೇ ಹೌದು ಎಂದು ರಾಷ್ಟ್ರೀಯ ಕಾರ್ಮಿಕ ಸಂಬಂಧ ಮಂಡಳಿ ಅದೇ ವರ್ಷ ಕೊಲಂಬಿಯಾ ಪ್ರಕರಣದಲ್ಲಿ ತೀರ್ಪಿತ್ತಿತು. 2004ರಲ್ಲಿ ಅದೇ ಮಂಡಳಿ ಇದಕ್ಕೆ ತದ್ವಿರುದ್ಧವಾಗಿ ಹೇಳಿತ್ತು. ರೆಸಿಡೆಂಟ್ ಅಸಿಸ್ಟೆಂಟ್‌ಗೆ ಬಹುತೇಕ ಕಡೆ ಸಿಗುವುದು ಸಂಬಳಕ್ಕಿಂತ ಹೆಚ್ಚಾಗಿ ಬಿಟ್ಟಿ ಕೋಣೆ ಮತ್ತು ಊಟ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಅನ್ನ ಮತ್ತು ಸೂರನ್ನು ದುಡಿಮೆಯ ಪ್ರತಿಫಲವೆಂದು ಲೆಕ್ಕ ಹಾಕುವುದು ಕನ್ನಡ ಓದುಗರಿಗೆ ಕೊಂಚ ಇರುಸುಮುರುಸಾಗಬಹುದು, ಏಕೆಂದರೆ ನಮ್ಮಲ್ಲಿ ಅದರ ಚರಿತ್ರೆಯೇ ಬೇರೆ.

ಗೋಡೆ ಮತ್ತು ಬ್ಯಾಡ್ಜು

ಹಳೆಯ ಮೈಸೂರಿನಲ್ಲಿ ವಾರಾನ್ನ ಉಂಡು ಓದಿದವರ ತಲೆಮಾರುಗಳೇ ಇವೆ: ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಆ ಮನೆಗಳ ಬಾಗಿಲು ಎಲ್ಲ ಜಾತಿಯ ಹುಡುಗರಿಗೂ ತೆರೆದಿರಲಿಲ್ಲ ಎಂಬುದನ್ನು ಹೇಳದೆ ಈ ಚರಿತ್ರೆಯನ್ನು ಹೊಗಳುವುದು ಅಪ್ರಾಮಾಣಿಕತೆ. ಧಾರವಾಡದ ಮುರುಘಾಮಠ, ತುಮಕೂರಿನ ಸಿದ್ಧಗಂಗೆ, ಬೇರೆ ಬೇರೆ ಸಮುದಾಯಗಳ ಉಚಿತ ವಿದ್ಯಾರ್ಥಿನಿಲಯಗಳು, ಆಮೇಲೆ ಸರ್ಕಾರದ ಹಿಂದುಳಿದ ವರ್ಗಗಳ ಹಾಸ್ಟೆಲ್‌ಗಳು ಈ ಬಾಗಿಲನ್ನು ಅಗಲ ಮಾಡಿದವು. ಎಲ್ಲ ಕಡೆಯೂ ತತ್ವ ಒಂದೇ: ಓದುವ ಮಗುವಿಗೆ ಅನ್ನ ಇಡಬೇಕು, ದುಡಿಮೆಗೆ ಹಚ್ಚಬಾರದು. ಮಠದಲ್ಲಿ ಹುಡುಗರು ಕಸ ಗುಡಿಸಿದರೆ, ಪಂಕ್ತಿಯಲ್ಲಿ ಬಡಿಸಿದರೆ ಅದು ಸೇವೆ. ನೆರೆಯ ಮಹಾರಾಷ್ಟ್ರದಲ್ಲಿ ಭಾವೂರಾವ್ ಪಾಟೀಲರು ರಯತ ಶಿಕ್ಷಣ ಸಂಸ್ಥೆಯ ಮೂಲಕ ‘ಗಳಿಸಿ, ಕಲಿಯಿರಿ’ ಎಂಬ ಬೇರೆ ದಾರಿ ತೋರಿದರು. ಪುಣೆ ವಿಶ್ವವಿದ್ಯಾಲಯ ಅವರ ಹೆಸರಿನಲ್ಲೇ ಅಂಥ ಯೋಜನೆ ನಡೆಸುತ್ತದೆ. ಕರ್ನಾಟಕದ ವಿಶ್ವವಿದ್ಯಾಲಯಗಳಲ್ಲಿ ಆ ಬೇರು ಆಳಕ್ಕಿಳಿಯಲಿಲ್ಲ. ದಾಸೋಹದ ಪರಂಪರೆ ಲಕ್ಷಾಂತರ ಮಕ್ಕಳನ್ನು ಓದಿಸಿತು, ಅದು ಸಣ್ಣ ಸಾಧನೆಯಲ್ಲ. ಆದರೆ ದುಡಿಯುವ ವಿದ್ಯಾರ್ಥಿ ಎಂಬ ವರ್ಗ ನಮ್ಮ ನಿಯಮಾವಳಿಗಳಲ್ಲಿ ಗಟ್ಟಿಯಾಗಿ ಮೂಡದಿರುವುದಕ್ಕೆ ಅದೂ ಒಂದು ಕಾರಣ ಎನ್ನಬೇಕಾಗುತ್ತದೆ.

ಯುಜಿಸಿಯ ಕಾಗದಗಳನ್ನು ಓದಿದರೆ ಇದು ಕಣ್ಣಿಗೆ ಹೊಡೆಯುತ್ತದೆ. 2009ರ ರ್‍ಯಾಗಿಂಗ್ ತಡೆ ನಿಯಮಗಳು ರಾಘವನ್ ಸಮಿತಿಯ ವರದಿ ಮತ್ತು ಸುಪ್ರೀಂ ಕೋರ್ಟಿನ ಒತ್ತಡದಿಂದ ಬಂದ ಗಂಭೀರ ದಾಖಲೆ. ಪ್ರಮಾಣಪತ್ರ, ವಾರ್ಡನ್, ಸಹಾಯವಾಣಿ, ದಿಢೀರ್ ತಪಾಸಣೆಯ ದಳ ಎಲ್ಲ ಇದೆ. ಅಲ್ಲಿ ವಿದ್ಯಾರ್ಥಿ ಮುಖ್ಯವಾಗಿ ಬಲಿಪಶು ಅಥವಾ ಆರೋಪಿ. 2015ರ ಸುರಕ್ಷತಾ ಮಾರ್ಗಸೂಚಿ ಇನ್ನೂ ಸ್ಪಷ್ಟ: ಸುಲಭಕ್ಕೆ ಹತ್ತಲಾಗದಷ್ಟು ಎತ್ತರದ ಕಾಂಪೌಂಡ್ ಗೋಡೆ, ಅದರ ಮೇಲೆ ಸುರುಳಿ ಮುಳ್ಳುತಂತಿ, ಕಾವಲಿರುವ ಗೇಟು, ಬಯೊಮೆಟ್ರಿಕ್ ಹಾಜರಿ, ಸಿಸಿಟಿವಿ. ಅದೇ ವರ್ಷ ದೆಹಲಿಯಲ್ಲಿ ಹುಡುಗಿಯರು ಹಾಸ್ಟೆಲ್ ಗೇಟಿನ ಸಮಯದ ವಿರುದ್ಧ ‘ಪಿಂಜ್ರಾ ತೋಡ್’ ಚಳವಳಿ ಶುರುಮಾಡಿದ್ದು ಕೇವಲ ಕಾಕತಾಳೀಯವಲ್ಲ. ಸಂಜೆ ಎಂಟರ ಮೇಲೆ ಹೊರಗಿರಬಾರದೆಂದರೆ ಟ್ಯೂಷನ್ ಹೇಳಿಕೊಟ್ಟು ಖರ್ಚು ತೂಗಿಸಿಕೊಳ್ಳುವ ಹುಡುಗಿಯ ಸಂಪಾದನೆಗೂ ಬೀಗ ಬಿತ್ತೆಂದೇ ಅರ್ಥ.

ಗೋಡೆಯ ಯೋಚನೆ ಉತ್ಸವದ ದಿನ ಕೈಕೊಡುತ್ತದೆ. 2023ರ ನವೆಂಬರ್ 25ರ ಸಂಜೆ ಕೊಚ್ಚಿಯ ಕಲಮಶ್ಶೇರಿಯಲ್ಲಿರುವ ಕೊಚ್ಚಿನ್ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದ (ಕುಸಾಟ್) ಕ್ಯಾಂಪಸ್ಸಿನಲ್ಲಿ ಟೆಕ್ ಫೆಸ್ಟಿನ ಸಂಗೀತ ಕಾರ್ಯಕ್ರಮವಿತ್ತು. ಬಯಲು ರಂಗಮಂದಿರಕ್ಕೆ ಹೋಗಲು ಒಂದು ಗೇಟು, ಗೇಟು ದಾಟಿದ ಕೂಡಲೇ ಕೆಳಗಿಳಿಯುವ ಕಡಿದಾದ ಮೆಟ್ಟಿಲು. ಮಳೆ ಹನಿದಾಗ ಹೊರಗಿದ್ದವರು ಒಳನುಗ್ಗಿದರು. ಮುಂದಿದ್ದವರು ಮೆಟ್ಟಿಲಲ್ಲಿ ಉರುಳಿದರು, ಹಿಂದಿನವರು ಅವರ ಮೇಲೆ ಬಿದ್ದರು. ನಾಲ್ವರು ಸತ್ತರು, ಅವರಲ್ಲಿ ಮೂವರು ವಿದ್ಯಾರ್ಥಿಗಳು. ಗೋಡೆ, ಗೇಟು ಎರಡೂ ಅಲ್ಲಿದ್ದವು. ಜನ ಸತ್ತದ್ದು ಗೇಟಿನಲ್ಲೇ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಮಂದಿ ಕಾಲ್ತುಳಿತಕ್ಕೆ ಬಲಿಯಾದದ್ದೂ ಗೇಟುಗಳ ಬಳಿಯೇ. ಅದಾದ ಮೇಲೆ ಕರ್ನಾಟಕ ಸರ್ಕಾರ ತಂದ ಜನಸಂದಣಿ ನಿಯಂತ್ರಣ ಮಸೂದೆ ಆಯೋಜಕರ ಮೇಲೆ ಹೊಣೆ ಹೊರಿಸುತ್ತದೆ. ಕಾಲೇಜು ಫೆಸ್ಟಿನಲ್ಲಿ ಆಯೋಜಕ ಯಾರು? ಅನುಮತಿ ಪತ್ರದಲ್ಲಿ ಸಹಿ ಪ್ರಾಂಶುಪಾಲರದು, ಹಣ ಪ್ರಾಯೋಜಕರದು, ಗೇಟಿನಲ್ಲಿ ನಿಂತವನು ಮೂರನೇ ಸೆಮಿಸ್ಟರಿನ ವಾಲಂಟಿಯರ್.

ಆ ವಾಲಂಟಿಯರನ್ನು ಹತ್ತಿರದಿಂದ ನೋಡೋಣ. ಅವನಿಗೆ ಒಂದು ಟೀ ಶರ್ಟು, ಕೊರಳಿಗೆ ಬ್ಯಾಡ್ಜು, ಮಧ್ಯಾಹ್ನ ಪೊಟ್ಟಣದ ಪಲಾವ್, ಕೊನೆಗೊಂದು ಪ್ರಮಾಣಪತ್ರ. ಒಳಗೆ ಎಷ್ಟು ಜನ ಹಿಡಿಸುತ್ತಾರೆಂದು ಅವನಿಗೆ ಯಾರೂ ಹೇಳಿರುವುದಿಲ್ಲ. ಹೇಳಿದ್ದರೂ, ಸಾಕು ಎಂದು ಗೇಟು ಮುಚ್ಚಿಸುವ ಮಾತು ಅವನ ಬಾಯಲ್ಲಿ ನಡೆಯುವುದಿಲ್ಲ, ಸೀನಿಯರ್ ಒಬ್ಬ ‘ಬಿಡೋ, ನಮ್ ಹುಡುಗ್ರು’ ಎಂದರೆ ಬಿಡಬೇಕು. ಇದೇ ಹುಡುಗ ಭಾನುವಾರ ಕಲ್ಯಾಣಮಂಟಪದಲ್ಲಿ ಕೇಟರಿಂಗಿನವರ ಜೊತೆ ಬಡಿಸಲು ಹೋಗುತ್ತಾನೆ. ಬೆಂಗಳೂರು, ಮೈಸೂರು, ಮಂಗಳೂರಿನ ಕಾಲೇಜು ಹುಡುಗರಿಗೆ ಇದು ಮಾಮೂಲಿ ಸಂಪಾದನೆ. ಅಲ್ಲಿ ಅವನಿಗೆ ದಿನದ ಲೆಕ್ಕದಲ್ಲಿ ಕೂಲಿ ಗೊತ್ತಾಗಿರುತ್ತದೆ, ಯಾವ ಸಾಲಿಗೆ ಸಾಂಬಾರು, ಯಾವ ಸಾಲಿಗೆ ಪಾಯಸ ಎಂದು ಮೇಸ್ತ್ರಿ ಬಿಡಿಸಿ ಹೇಳಿರುತ್ತಾನೆ, ಒಂದು ಪಂಕ್ತಿ ಏಳುವ ಮುನ್ನ ಇನ್ನೊಂದನ್ನು ಒಳಬಿಡದಂತೆ ಬಾಗಿಲು ಕಾಯುವವನೂ ಇರುತ್ತಾನೆ. ಮದುವೆಮನೆಯ ಮೇಸ್ತ್ರಿಗೆ ಗೊತ್ತಿರುವ ಸರದಿಯ ಶಿಸ್ತು ವಿಶ್ವವಿದ್ಯಾಲಯದ ಫೆಸ್ಟ್ ಸಮಿತಿಗೆ ಗೊತ್ತಿಲ್ಲದಿರಲು ಬುದ್ಧಿಯ ಕೊರತೆ ಕಾರಣವಲ್ಲ. ಕೂಲಿ ಕೊಟ್ಟವನಿಗೆ ಕೆಲಸ ಹೇಳಿಕೊಡುವ ಹೊಣೆ ಬರುತ್ತದೆ; ಸೇವೆ ಪಡೆದವನಿಗೆ ಕೃತಜ್ಞತೆ ಹೇಳಿದರೆ ಮುಗಿಯಿತು.

ಅಮೆರಿಕದ ಮಾದರಿಯನ್ನು ಹಾಗೆಯೇ ತರುವುದು ನನ್ನ ಸಲಹೆಯಲ್ಲ. ದಂಡದ ಭಯದಲ್ಲಿ ಹಾಸ್ಟೆಲ್ ಗೆಳೆಯನನ್ನು ವರದಿಗಾರನನ್ನಾಗಿ ಮಾಡುವ ಕ್ರಮ ಎಷ್ಟೋ ದೂರುಗಳನ್ನು ಗಂಟಲಲ್ಲೇ ಉಳಿಸಬಹುದು. ಆದರೆ ಡೇವಿಸ್‌ನ ಬಾಗಿಲಲ್ಲಿ ನಿಂತವನಿಗೆ ಮೇಲಧಿಕಾರಿ ಯಾರೆಂದು ಗೊತ್ತು, ವಾಕಿಟಾಕಿಯ ಆ ತುದಿಯಲ್ಲಿ ಪೊಲೀಸ್ ಇಲಾಖೆಯಿದೆ, ಅವನು ದುಡಿದ ಗಂಟೆಗಳು ದಾಖಲಾಗುತ್ತವೆ. ನಮ್ಮ ವಿಶ್ವವಿದ್ಯಾಲಯಗಳು ಫೆಸ್ಟಿನ ಗೇಟು, ರಾತ್ರಿಯ ಲೈಬ್ರರಿ, ಹಾಸ್ಟೆಲ್ ಮೆಸ್ಸಿನ ಕೆಲಸಗಳನ್ನು ಗಂಟೆಯ ಲೆಕ್ಕದಲ್ಲಿ ವಿದ್ಯಾರ್ಥಿಗಳಿಗೆ ಕೊಡಲು ಹಿಂಜರಿಯುವುದು ಹಣವಿಲ್ಲದೆ ಎಂದಷ್ಟೇ ನನಗನ್ನಿಸುವುದಿಲ್ಲ. ಮಸ್ಟರ್ ರೋಲಿನಲ್ಲಿ ಹೆಸರು ಬಂದ ಕೂಡಲೇ ಅವನು ನೌಕರ. ನೌಕರ ಗೇಟಿನಲ್ಲಿ ಗಾಯಗೊಂಡರೆ 1923ರ ಪರಿಹಾರ ಕಾನೂನಿನ ಕಾಲದಿಂದಲೂ ಹೇಳಲು ಕೇಳಲು ಒಂದು ಚೌಕಟ್ಟಿದೆ. ವಾಲಂಟಿಯರ್ ಗಾಯಗೊಂಡರೆ ಪ್ರಾಂಶುಪಾಲರ ದಯೆ ಮತ್ತು ಸಹಪಾಠಿಗಳ ಚಂದಾ.