ಕೋವಿಡ್ ಕಾಲದಲ್ಲಿ ವಿಶ್ವವಿದ್ಯಾಲಯ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯ

ಕೋವಿಡ್-19 ಹರಡಿದ 2020ರಿಂದ 2022ರವರೆಗಿನ ಅವಧಿಯಲ್ಲಿ ಪದವಿ, ಸ್ನಾತಕೋತ್ತರ ಮತ್ತು ಸಂಶೋಧನಾ ವಿದ್ಯಾರ್ಥಿಗಳಲ್ಲಿ ಆತಂಕ, ಖಿನ್ನತೆ, ನಿದ್ರಾಹೀನತೆ, ಒಂಟಿತನ ಹೆಚ್ಚಾಗಿ ಕಾಣಿಸಿಕೊಂಡವು. ಸೋಂಕಿನ ಭಯ ಇದಕ್ಕೆ ಒಂದು ಕಾರಣ ಮಾತ್ರ. ಮುಂದೇನು ಎಂಬುದು ತಿಂಗಳುಗಟ್ಟಲೆ ತಿಳಿಯದೇ ಹೋದದ್ದು ಅದಕ್ಕಿಂತ ದೊಡ್ಡ ಹೊರೆಯಾಯಿತು.

ಚೀನಾದ ಚಾಂಗ್‌ಝಿ ವೈದ್ಯಕೀಯ ಕಾಲೇಜಿನ 7,143 ವಿದ್ಯಾರ್ಥಿಗಳ ಸಮೀಕ್ಷೆ ಈ ವಿಷಯದ ಮೊದಲ ಅಧ್ಯಯನಗಳಲ್ಲೊಂದು. ಅವರಲ್ಲಿ ಶೇ. 24.9ರಷ್ಟು ಮಂದಿಗೆ ಆತಂಕವಿತ್ತು. ಹೆಚ್ಚಿನವರದು ಸೌಮ್ಯ ಸ್ವರೂಪದ್ದು, ತೀವ್ರವಾಗಿದ್ದುದು ಶೇ. 0.9ರಷ್ಟು ಮಂದಿಯಲ್ಲಿ. ಮನೆಯ ಆದಾಯ ಸ್ಥಿರವಾಗಿದ್ದವರು ಮತ್ತು ಹೆತ್ತವರ ಜೊತೆಗಿದ್ದವರು ಕಡಿಮೆ ಬಳಲಿದರು. ಅಮೆರಿಕದಲ್ಲಿ 2020ರ ಜೂನ್‌ನಲ್ಲಿ ನಡೆದ ಸಮೀಕ್ಷೆಯಲ್ಲಿ 18ರಿಂದ 24 ವಯಸ್ಸಿನವರ ಪೈಕಿ ನಾಲ್ವರಲ್ಲಿ ಒಬ್ಬರು, ಹಿಂದಿನ ಮೂವತ್ತು ದಿನಗಳಲ್ಲಿ ಆತ್ಮಹತ್ಯೆಯ ಬಗ್ಗೆ ಗಂಭೀರವಾಗಿ ಯೋಚಿಸಿದ್ದಾಗಿ ಹೇಳಿದರು.

ಭಾರತದ ಮೊದಲ ಕೋವಿಡ್ ಸಾವು ಕಲಬುರಗಿಯಲ್ಲಿ ದೃಢಪಟ್ಟ ಬೆನ್ನಲ್ಲೇ, 2020ರ ಮಾರ್ಚ್ ಮಧ್ಯದಲ್ಲಿ ಕರ್ನಾಟಕ ಸರ್ಕಾರ ವಿಶ್ವವಿದ್ಯಾಲಯಗಳನ್ನು ಒಂದು ವಾರ ಮುಚ್ಚಿಸಿತು. ಆ ಒಂದು ವಾರ ಎಂಟು ತಿಂಗಳಾಯಿತು: ಪದವಿ ಕಾಲೇಜುಗಳ ಬಾಗಿಲು ಮತ್ತೆ ತೆರೆದದ್ದು ನವೆಂಬರ್ 17ರಂದು. ಅಂತಿಮ ವರ್ಷದವರ ಪಾಡು ಇನ್ನೂ ಕಷ್ಟದ್ದು. ಪರೀಕ್ಷೆ ನಡೆಯುತ್ತದೋ ಇಲ್ಲವೋ ಎಂಬ ಗೊಂದಲ ಏಪ್ರಿಲ್‌ನಿಂದ ಮುಂದುವರಿಯಿತು. ಸೆಪ್ಟೆಂಬರ್ ಕೊನೆಯೊಳಗೆ ಪರೀಕ್ಷೆ ಮುಗಿಸಬೇಕೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) ಜುಲೈ 6ರಂದು ಹೇಳಿತು. ವಿಷಯ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಪರೀಕ್ಷೆಯಿಲ್ಲದೆ ತೇರ್ಗಡೆ ಮಾಡುವಂತಿಲ್ಲ ಎಂಬ ತೀರ್ಪು ಬಂದದ್ದು ಆಗಸ್ಟ್ 28ಕ್ಕೆ. ಓದಬೇಕೋ, ಕೆಲಸ ಹುಡುಕಬೇಕೋ ತಿಳಿಯದ ಸ್ಥಿತಿಯಲ್ಲಿ ಅವರನ್ನು ಇಷ್ಟು ಕಾಲ ಇರಿಸಿದ್ದು ವ್ಯವಸ್ಥೆಯ ತಪ್ಪು.

ತರಗತಿಗಳು ಮೊಬೈಲಿಗೆ ಬಂದಾಗ ಹಳ್ಳಿಯ ಬಡ ಮಕ್ಕಳು ಹಿಂದುಳಿದರು. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ಇಂಟರ್ನೆಟ್ ಸೌಲಭ್ಯವಿದ್ದದ್ದು ನಗರದ ಶೇ. 42ರಷ್ಟು ಮನೆಗಳಿಗೆ, ಗ್ರಾಮೀಣ ಭಾಗದಲ್ಲಿ ಶೇ. 15ರಷ್ಟಕ್ಕೆ ಮಾತ್ರ. ಮಲೆನಾಡಿನಲ್ಲಿ ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತಿದವರಿದ್ದರು. ಕೂಲಿ ನಿಂತ ಮನೆಯಲ್ಲಿ ಡೇಟಾ ಪ್ಯಾಕ್‌ಗೆ ಹಣ ಕೇಳಲು ಹಿಂಜರಿದವರಿದ್ದರು. ಹೆಣ್ಣುಮಕ್ಕಳಿಗೆ ಮನೆಗೆಲಸ ಸೇರಿಕೊಂಡಿತು, ಮದುವೆಯ ಒತ್ತಡವೂ ಬಂತು. 2021ರ ಎರಡನೇ ಅಲೆಯಲ್ಲಿ ಅನೇಕರು ತಂದೆಯನ್ನೋ ತಾಯಿಯನ್ನೋ ಕಳೆದುಕೊಂಡರು; ಸರಿಯಾಗಿ ಅಂತ್ಯಸಂಸ್ಕಾರ ಮಾಡಲೂ ಆಗದ ಆ ದುಃಖ ಪಾಠ ಶುರುವಾದರೂ ಹೋಗಲಿಲ್ಲ. ಚೀನಾದಲ್ಲಿ ವೈದ್ಯಕೀಯ ಓದುತ್ತಿದ್ದ ಸಾವಿರಾರು ಭಾರತೀಯರಂತೂ ಎರಡು ವರ್ಷಕ್ಕೂ ಹೆಚ್ಚು ಕಾಲ ಹಿಂದಿರುಗಲಾಗದೆ ಊರಲ್ಲೇ ಉಳಿದರು.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳ ಸಂಖ್ಯೆ 2019ರಲ್ಲಿ 10,335 ಇದ್ದದ್ದು 2020ರಲ್ಲಿ 12,526ಕ್ಕೆ, 2021ರಲ್ಲಿ 13,089ಕ್ಕೆ ಏರಿತು. ಇದರಲ್ಲಿ ಶಾಲಾ ಮಕ್ಕಳೂ ಸೇರಿದ್ದಾರೆ. ಎಲ್ಲ ಸಾವುಗಳಿಗೂ ಕೋವಿಡ್ ಕಾರಣವೆನ್ನಲಾಗದು, ಏರಿಕೆಯನ್ನು ಕಡೆಗಣಿಸಲೂ ಆಗದು.

ನೆರವು ಹೆಚ್ಚಾಗಿ ಫೋನಿನ ಮೂಲಕವೇ ಬಂತು. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಲಾಕ್‌ಡೌನ್‌ನ ಆರಂಭದಲ್ಲೇ ಸಹಾಯವಾಣಿ ತೆರೆಯಿತು. ಕೇಂದ್ರ ಸರ್ಕಾರ 2020ರ ಜುಲೈನಲ್ಲಿ ವಿದ್ಯಾರ್ಥಿಗಳಿಗೆ ಮಾನಸಿಕ ನೆರವು ನೀಡುವ 'ಮನೋದರ್ಪಣ' ಯೋಜನೆ ಆರಂಭಿಸಿತು. ಆದರೆ ಒಂದೇ ಕೋಣೆಯಲ್ಲಿ ಮನೆಮಂದಿಯೆಲ್ಲ ಇರುವಾಗ ಫೋನೆತ್ತಿ ಮನಸ್ಸಿನ ನೋವು ಹೇಳಿಕೊಳ್ಳುವುದು ಹೇಗೆ? ಹಾಸ್ಟೆಲ್ಲಿನ ಗೆಳೆಯರ ಜೊತೆಗಿನ ಹರಟೆ ಕೊಡುತ್ತಿದ್ದ ಸಮಾಧಾನವನ್ನು ಯಾವ ಯೋಜನೆಯೂ ತುಂಬಿಕೊಡಲಿಲ್ಲ.

ಆ ದಿನಗಳ ಅನುಭವದಿಂದ ಬೆಳೆದ 'ಟೆಲಿ ಮಾನಸ್' ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ ಸೇವೆ 2022ರ ಅಕ್ಟೋಬರ್ 10ರಂದು ಆರಂಭವಾಯಿತು. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕರನ್ನು ನೇಮಿಸಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ನಿರ್ದೇಶಿಸಿತು. ಟೆಲಿ ಮಾನಸ್‌ನ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.