ರೋಮಿನ ಹೊಸವರ್ಷದ ಕಾಣಿಕೆ

ಹಬ್ಬಗಳಲ್ಲಿ ಹಿರಿಯರು ಒಬ್ಬರಿಗೊಬ್ಬರು ಉಡುಗೊರೆ ಕೊಟ್ಟುಕೊಳ್ಳುವ ಪದ್ಧತಿ ಇರಬೇಕೆ, ನಿಲ್ಲಬೇಕೆ ಎಂಬ ಚರ್ಚೆ ಹೊಸದೆಂದು ತೋರಬಹುದು. ಆದರೆ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ರೋಮಿನ ಚಕ್ರವರ್ತಿಯೊಬ್ಬನು ಇದಕ್ಕೆ ಆಜ್ಞೆಯಿಂದ ಮಿತಿ ಹಾಕಬೇಕಾಯಿತು.

ಅಲ್ಲಿ ಹೊಸವರ್ಷದ ಕಾಣಿಕೆಗೆ ‘ಸ್ತ್ರೇನ’ ಎಂದು ಹೆಸರು. ಸ್ತ್ರೇನುವಾ ದೇವಿಯ ತೋಪಿನಿಂದ ತಂದ ಹಸುರು ರೆಂಬೆಗಳನ್ನು ತಾತಿಯಸ್ ದೊರೆಯು ವರ್ಷಾರಂಭದ ಶುಭಶಕುನವಾಗಿ ಸ್ವೀಕರಿಸಿದನೆಂಬುದು ಐತಿಹ್ಯ. ರೆಂಬೆಯ ಜೊತೆಗೆ ಖರ್ಜೂರ, ಅಂಜೂರ, ಜೇನು ಸೇರಿದವು. ವರ್ಷವೆಲ್ಲ ಸಿಹಿಯಾಗಿ ಸಾಗಲೆಂಬ ಹಾರೈಕೆ ಅದರಲ್ಲಿತ್ತು. ಅನಂತರ ಕಂಚಿನ ನಾಣ್ಯವೂ ಅದರ ಬೆನ್ನಿಗೇ ಚಿನ್ನವೂ ಬಂದವು. ಓವಿಡ್ ಕವಿಯು ತನ್ನ ‘ಫಾಸ್ತಿ’ ಕಾವ್ಯದಲ್ಲಿ ಈ ಮಾರ್ಪಾಟನ್ನು ಸಾಕ್ಷಾತ್ ಜಾನಸ್ ದೇವನ ಬಾಯಿಂದಲೇ ಹೇಳಿಸಿದ್ದಾನೆ. ಕನ್ನಡನಾಡಿನಲ್ಲಿ ವಿಜಯದಶಮಿಯಂದು ಬನ್ನಿಯ ಎಲೆಯನ್ನೇ ಬಂಗಾರವೆಂದು ಭಾವಿಸಿ ಕೊಡುವುದುಂಟಷ್ಟೆ. ರೋಮಿನಲ್ಲಾದರೋ ಎಲೆ ಹಿಂದೆ ಸರಿದು ನಿಜವಾದ ಬಂಗಾರವೇ ಮುಂದೆ ಬಂದಿತು. ಕೇಡು ಹೊಕ್ಕ ಬಾಗಿಲು ಇದೇ.

ಅಗಸ್ಟಸ್ ಚಕ್ರವರ್ತಿಯು ಊರಿನಲ್ಲಿಲ್ಲದಾಗಲೂ ಪ್ರಜೆಗಳು ಜನವರಿ 1ರಂದು ಕ್ಯಾಪಿಟೋಲಿಗೆ ಕಾಣಿಕೆ ತಂದೊಪ್ಪಿಸುತ್ತಿದ್ದರು. ಆತನು ಆ ಹಣದಿಂದ ಬೆಲೆಬಾಳುವ ದೇವತಾಮೂರ್ತಿಗಳನ್ನು ಕೊಂಡು ಕೇರಿಕೇರಿಗಳಲ್ಲಿ ಸ್ಥಾಪಿಸಿದನು. ಊರಿನ ಹಣ ಊರಿಗೇ ಸಂದಿತು.

ಅವನ ತರುವಾಯ ಪಟ್ಟವೇರಿದ ತೈಬೀರಿಯಸನ (ಕ್ರಿ. ಶ. 14–37) ಪ್ರಸಂಗವು ವಿಚಾರಾರ್ಹವಾದುದು. ಚರಿತ್ರಕಾರ ಸ್ವೇತೋನಿಯಸನು ಹೇಳುವಂತೆ, ಈತನು ಬಂದ ಕಾಣಿಕೆಗೆ ನಾಲ್ಕು ಪಟ್ಟು ಮುಯ್ಯಿಯನ್ನು ಸ್ವಹಸ್ತದಿಂದಲೇ ಕೊಡುತ್ತಿದ್ದನು. ಹಬ್ಬದ ದಿನ ದರ್ಶನ ಸಿಗದವರು ತಿಂಗಳುದ್ದಕ್ಕೂ ಅರಮನೆಗೆ ಎಡತಾಕತೊಡಗಿದರು. ಒಂದು ಕೊಟ್ಟು ನಾಲ್ಕು ಪಡೆಯುವವನಿಗೆ ಕಾಣಿಕೆಯೇನು, ಬಡ್ಡಿಯ ವ್ಯಾಪಾರವೇನು! ಕಡೆಗೆ ಬೇಸತ್ತು ಅವನು ಮುಯ್ಯಿ ಕೊಡುವುದನ್ನು ನಿಲ್ಲಿಸಿದನು. ಜನವರಿ 1ರ ಮೇಲೆ ಯಾರೂ ಸ್ತ್ರೇನವನ್ನು ಕೊಟ್ಟುಕೊಳ್ಳಕೂಡದೆಂದು ಆಜ್ಞೆ ಹೊರಡಿಸಿದನು. ಇದನ್ನು ಜಿಪುಣತನವೆನ್ನುವವರು ಎನ್ನಲಿ; ಅವನು ಪದ್ಧತಿಯನ್ನು ಕೊಲ್ಲಲಿಲ್ಲ, ಅದನ್ನು ಅದರ ದಿನಕ್ಕೆ ಕಟ್ಟಿದನು, ಅಷ್ಟೆ.

ಮುಂದೆ ಬಂದ ಕಲಿಗುಲನಿಗೆ ಆ ಸಂಕೋಚವಿರಲಿಲ್ಲ. ಹೊಸವರ್ಷಕ್ಕೆ ಕಾಣಿಕೆ ಸ್ವೀಕರಿಸುವುದಾಗಿ ತಾನೇ ಸಾರಿಸಿ, ಅರಮನೆಯ ಮುಂಬಾಗಿಲಲ್ಲಿ ನಿಂತು, ಜನರು ಕೈತುಂಬ ಮಡಿಲುತುಂಬ ಸುರಿದ ನಾಣ್ಯಗಳನ್ನು ಬರಮಾಡಿಕೊಂಡನು. ಬಾಗಿಲಲ್ಲಿ ಪ್ರಭುವೇ ನಿಂತಿರುವಾಗ ಇಲ್ಲವೆನ್ನುವ ಧೈರ್ಯ ಯಾರಿಗೆ? ಉಡುಗೊರೆಯ ಹೆಸರಿನಲ್ಲಿ ಕಂದಾಯವೇ ನಡೆಯಿತು. ಕ್ಲಾಡಿಯಸನು ಪಟ್ಟಕ್ಕೆ ಬಂದು ತನಗೆ ಇಂತಹ ಕಾಣಿಕೆ ತರಕೂಡದೆಂದು ನಿಷೇಧಿಸಿದನು.

ಅರಮನೆಯ ಮಾತು ಹಾಗಿರಲಿ. ಗೃಹಸ್ಥರ ಮನೆಗಳಲ್ಲಿಯೂ ಇದರ ತೊಡಕು ಕಡಮೆಯಿರಲಿಲ್ಲ. ಡಿಸೆಂಬರ್ 17ರಂದು ಆರಂಭವಾಗುತ್ತಿದ್ದ ಸ್ಯಾಟರ್ನೇಲಿಯ ಹಬ್ಬದ ಉಡುಗೊರೆಗಳನ್ನು ಕುರಿತು ಮಾರ್ಷಿಯಲ್ ಕವಿಯು ಅನೇಕ ಚುಟುಕಗಳನ್ನು ಬರೆದಿದ್ದಾನೆ. ಅವುಗಳಲ್ಲೊಂದರಲ್ಲಿ ಅಂಬರ್ ಎಂಬವನು ಹಬ್ಬದಲ್ಲಿ ತನಗೆ ಬಂದುದೆಲ್ಲವನ್ನೂ ಕವಿಯ ಮನೆಗೆ ಸಾಗಹಾಕುತ್ತಾನೆ: ಬರೆಯುವ ಹಲಗೆಗಳು, ಹಲ್ಲುಕಡ್ಡಿಗಳು, ಕಾಳು, ಆಲಿವ್ ಕಾಯಿ. ಹೊತ್ತು ತಂದವರು ಎಂಟು ಜನ ದೃಢಕಾಯದ ಆಳುಗಳು. ಒಟ್ಟು ಬೆಲೆ 30 ಸೆಸ್ಟರ್ಸ್ ನಾಣ್ಯವೂ ಆಗದು! ಇನ್ನೊಂದರಲ್ಲಿ ಮಾತು ಗಂಭೀರವಾಗುತ್ತದೆ. ಉಡುಗೊರೆಯೆಂಬುದು ಗಾಳದ ಹಾಗೆ. ಬಡವನು ಸಿರಿವಂತ ಸ್ನೇಹಿತನಿಗೆ ಏನನ್ನೂ ಕೊಡದಿದ್ದರೆ ಅದೇ ಔದಾರ್ಯವೆಂದು ಕವಿಯ ಅಭಿಪ್ರಾಯ. ಆಶ್ರಯದಾತರನ್ನು ನೆಚ್ಚಿ ಬಾಳಿದವನ ಲೇಖನಿಯಿಂದ ಬಂದುದರಿಂದ ಈ ಮಾತಿಗೆ ತೂಕ ಹೆಚ್ಚು. ಕೊಡದೆ ಇರುವುದೂ ಸ್ನೇಹದ ಒಂದು ರೀತಿಯೆಂದು ಹೇಳಲು ಎದೆಗಾರಿಕೆ ಬೇಕು.

ಕ್ರೈಸ್ತಮತ ಪ್ರಬಲವಾದ ಮೇಲೂ ಜನರು ಸ್ತ್ರೇನವನ್ನು ಬಿಡಲಿಲ್ಲ. ಸಂತ ಅಗಸ್ಟೀನನು (354–430) ಜನವರಿ ಮೊದಲ ದಿನದ ಉಪದೇಶದಲ್ಲಿ, ಅನ್ಯರು ಸ್ತ್ರೇನ ಕೊಟ್ಟುಕೊಳ್ಳುತ್ತಿರುವಾಗ ನೀವು ಬಡವರಿಗೆ ಭಿಕ್ಷೆ ನೀಡಿರೆಂದು ಬೋಧಿಸಿದನು. ಉಪದೇಶ ನಡೆಯಿತು, ಪದ್ಧತಿಯೂ ನಡೆಯಿತು. ಫ್ರಾನ್ಸಿನಲ್ಲಿ ಆ ಶಬ್ದವು ‘ಏತ್ರೆನ್’ ಎಂಬ ರೂಪದಲ್ಲಿ ಇಂದಿಗೂ ಉಳಿದಿದೆ. ವರ್ಷಾಂತ್ಯದಲ್ಲಿ ಅಂಚೆಯವನಿಗೂ ಮನೆಕಾಯುವವನಿಗೂ ಕೊಡುವ ಹಣಕ್ಕೂ ಅದೇ ಹೆಸರು. ಒಂದು ಕಾಲದಲ್ಲಿ ಚಕ್ರವರ್ತಿಯ ಬಾಗಿಲಿಗೆ ಹೋಗುತ್ತಿದ್ದ ನಾಣ್ಯವು ಈಗ ಬಾಗಿಲು ಕಾಯುವವನ ಕೈ ಸೇರುತ್ತಿದೆ.